ಕೊಲೆ ಮಾಡಿದ್ದು ಮಗುವಾದರೆ ಕೋರ್ಟು ಏನೇನು ನೋಡುತ್ತದೆ?

1999ರಲ್ಲಿ ಅಮೆರಿಕದ ಆರ್ಕನ್ಸಾ ರಾಜ್ಯದಲ್ಲಿ ಮೂವರು ಹುಡುಗರು ಒಂದು ವಿಡಿಯೋ ಅಂಗಡಿ ದೋಚಲು ಹೊರಟರು. ಒಬ್ಬನಿಗೆ ಹದಿನಾಲ್ಕು ವರ್ಷ. ಜೊತೆಗಾರನ ಕೋಟಿನ ತೋಳಿನೊಳಗೆ ಬಂದೂಕಿದೆ ಅಂತ ಅವನಿಗೆ ಗೊತ್ತಾಗಿದ್ದೇ ದಾರಿಯಲ್ಲಿ. ಉಳಿದಿಬ್ಬರು ಒಳಗೆ ಹೋದರು, ಇವನು ಹೊರಗೆ ನಿಂತ. ಸ್ವಲ್ಪ ಹೊತ್ತಿನ ಮೇಲೆ ಇವನೂ ಒಳಗೆ ಬಂದ. ಬಂದೂಕು ಹಿಡಿದವನು ಕೌಂಟರಿನಲ್ಲಿದ್ದ ಹೆಂಗಸಿಗೆ ದುಡ್ಡು ಕೊಡು ಅಂತ ಗದರಿಸುತ್ತಿದ್ದ. ಆಗ ಈ ಹುಡುಗ ಒಂದು ಮಾತು ಆಡಿದ. ಏನು ಮಾತು ಅನ್ನುವುದೇ ಮುಂದೆ ಕೋರ್ಟಿನಲ್ಲಿ ವಾದವಾಯಿತು. ‘ನಾವೇನು ತಮಾಷೆ ಮಾಡ್ತಿಲ್ಲ’ ಅಂತ ಆ ಹೆಂಗಸಿಗೆ ಹೇಳಿದ ಎಂದಿತು ಒಂದು ಕಡೆ. ‘ನೀವು ತಮಾಷೆ ಮಾಡ್ತಿದ್ದೀರಿ ಅಂದ್ಕೊಂಡಿದ್ದೆ’ ಅಂತ ಗೆಳೆಯರಿಗೆ ಹೇಳಿದ ಎಂದಿತು ಇನ್ನೊಂದು ಕಡೆ. ಪೊಲೀಸರನ್ನು ಕರೀತೀನಿ ಎಂದಳು ಆ ಹೆಂಗಸು. ಬಂದೂಕು ಹಿಡಿದವನು ಗುಂಡು ಹಾರಿಸಿದ. ಆಕೆ ಸತ್ತಳು. ಹುಡುಗರು ಬರಿಗೈಯಲ್ಲಿ ಓಡಿದರು.

ಮೊದಲನೆಯದು ಬೆದರಿಕೆ, ಎರಡನೆಯದು ಕಣ್ಣೆದುರು ನಡೆಯುತ್ತಿರುವುದನ್ನು ನಂಬಲಾಗದ ಹುಡುಗನ ಗಾಬರಿ. ಎರಡರ ನಡುವೆ ಎಷ್ಟು ವ್ಯತ್ಯಾಸ ಇದೆ ಅಲ್ವಾ? ಆದರೆ ಶಿಕ್ಷೆ ಕೊಡುವ ದಿನ ಆ ವ್ಯತ್ಯಾಸಕ್ಕೆ ಬೆಲೆಯೇ ಇರಲಿಲ್ಲ. ದರೋಡೆ ನಡೆಯುವಾಗ ಯಾರಾದರೂ ಸತ್ತರೆ ಅದರಲ್ಲಿ ಭಾಗಿಯಾದ ಎಲ್ಲರೂ ಕೊಲೆಗಾರರೇ ಎನ್ನುತ್ತಿತ್ತು ಅಲ್ಲಿನ ಕಾನೂನು. ಆ ಅಪರಾಧಕ್ಕೆ ಇದ್ದದ್ದು ಒಂದೇ ಶಿಕ್ಷೆ: ಸಾಯುವವರೆಗೆ ಜೈಲು, ಪೆರೋಲ್ ಇಲ್ಲ. ಅಂದರೆ ಮುಂದೆ ಯಾವಾಗಲಾದರೂ ಷರತ್ತಿನ ಮೇಲೆ ಬಿಡುಗಡೆಯಾಗುವ ದಾರಿಯೂ ಇಲ್ಲ. ನ್ಯಾಯಾಧೀಶರು ಬೇರೆ ದಾರಿಯೇ ಇಲ್ಲ ಎಂದು ಅದನ್ನೇ ವಿಧಿಸಿದರು.

ಎಳೆಯರು ಕೊಲೆ ಪ್ರಕರಣದಲ್ಲಿ ಸಿಕ್ಕಿಬಿದ್ದಾಗಲೆಲ್ಲ ಎರಡು ಮಾತು ಕೇಳುತ್ತೇವೆ. ‘ಮಾಡಿದ್ದು ದೊಡ್ಡವರ ಕೆಲಸ, ಶಿಕ್ಷೆಯೂ ದೊಡ್ಡವರದ್ದೇ ಆಗಲಿ’ ಅನ್ನುವುದು ಒಂದು. ‘ಪಾಪ, ಮಗು’ ಅನ್ನುವುದು ಇನ್ನೊಂದು. ಕೋರ್ಟಿನ ಕೆಲಸ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದಲ್ಲ. ಸತ್ತವರ ಪಾಲಿಗೆ ಕೊಂದವನ ವಯಸ್ಸು ಎಷ್ಟಾದರೂ ಸಾವು ಸಾವೇ. ಆ ಸಾವಿನ ತೂಕ ಕಡಿಮೆಯಾಗಬಾರದು. ಜೊತೆಗೆ, ಕೊಂದವನು ಇನ್ನೂ ಬೆಳೆದು ಮುಗಿಯದ ಮನುಷ್ಯ ಅನ್ನುವುದನ್ನೂ ಮರೆಯಬಾರದು. ಎರಡನ್ನೂ ಒಟ್ಟಿಗೆ ಹಿಡಿಯುವುದೇ ಕಷ್ಟ. ಬೇರೆ ಬೇರೆ ದೇಶಗಳ ಕಾನೂನು ಅದನ್ನು ಹೇಗೆ ಹಿಡಿದಿದೆ ಅಂತ ನೋಡೋಣ.

ಮೊದಲು ವಯಸ್ಸು, ಅದೂ ಆ ದಿನದ್ದು

ಲೆಕ್ಕಕ್ಕೆ ಬರುವುದು ವಿಚಾರಣೆಯ ದಿನದ ವಯಸ್ಸಲ್ಲ, ಕೃತ್ಯ ನಡೆದ ದಿನದ ವಯಸ್ಸು. ಭಾರತದಲ್ಲಿ ಏಳು ವರ್ಷದೊಳಗಿನ ಮಗು ಏನೇ ಮಾಡಿದರೂ ಅಪರಾಧ ಆಗುವುದಿಲ್ಲ. ಏಳರಿಂದ ಹನ್ನೆರಡರ ನಡುವೆ ಆ ಮಗುವಿಗೆ ತಿಳುವಳಿಕೆ ಬಂದಿತ್ತೇ ಎಂದು ನೋಡಬೇಕು. ಇಂಗ್ಲೆಂಡಿನಲ್ಲಿ ಈ ಗೆರೆ ಹತ್ತು ವರ್ಷಕ್ಕೆ, ಕೆನಡಾದಲ್ಲಿ ಹನ್ನೆರಡಕ್ಕೆ, ಜರ್ಮನಿ ಮತ್ತು ಜಪಾನಿನಲ್ಲಿ ಹದಿನಾಲ್ಕಕ್ಕೆ ಇದೆ. ಗೆರೆಯ ಕೆಳಗಿರುವ ಮಗುವನ್ನು ಅಪರಾಧಿ ಎಂದು ವಿಚಾರಣೆ ಮಾಡುವ ಹಾಗೇ ಇಲ್ಲ. ಮೇಲಿನ ಗೆರೆ ಬಹುಮಟ್ಟಿಗೆ ಎಲ್ಲ ಕಡೆ ಹದಿನೆಂಟು.

ವಯಸ್ಸು ಗೊತ್ತು ಮಾಡುವುದು ಸುಲಭ ಅಂದುಕೊಳ್ಳುತ್ತೇವೆ. ಹಾಗಿಲ್ಲ. 1994ರಲ್ಲಿ ಪುಣೆಯಲ್ಲಿ ಐವರು ಹೆಂಗಸರು ಮತ್ತು ಇಬ್ಬರು ಮಕ್ಕಳ ಕೊಲೆ ನಡೆಯಿತು. ಆ ಪ್ರಕರಣದಲ್ಲಿ ಗಲ್ಲು ಶಿಕ್ಷೆಯಾಗಿದ್ದ ಒಬ್ಬ ಕೈದಿಯನ್ನು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಶಾಲೆಯ ದಾಖಲೆ ಪ್ರಕಾರ ಕೊಲೆ ನಡೆದ ದಿನ ಅವನಿಗೆ ಹನ್ನೆರಡೂವರೆ ವರ್ಷ. ಆ ವಯಸ್ಸಿನ ಮಗುವಿಗೆ ಕಾನೂನು ಕೊಡಬಹುದಾದದ್ದು ಹೆಚ್ಚೆಂದರೆ ಮೂರು ವರ್ಷ. ಅವನು ಆಗಲೇ 28 ವರ್ಷ ಒಳಗಿದ್ದ. ಆ ವರ್ಷಗಳಲ್ಲಿ ಬಹುಪಾಲು ನೇಣಿನ ನೆರಳಿನಲ್ಲೇ ಕಳೆದದ್ದು. ‘ಆಗ ನಾನು ಚಿಕ್ಕವನಿದ್ದೆ’ ಎಂಬ ಅರ್ಜಿಯನ್ನು ಯಾವ ಹಂತದಲ್ಲಾದರೂ, ಕೇಸು ಪೂರ್ತಿ ಮುಗಿದ ಮೇಲೂ ಹಾಕಬಹುದು ಅಂತ ನಮ್ಮ ಕಾಯ್ದೆ ಹೇಳುವುದರಿಂದ ಇದು ಸಾಧ್ಯವಾಯಿತು. ಶಾಲೆಯ ದಾಖಲೆ ಮೊದಲು, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ ಎಂಬ ಕ್ರಮ ಇದೆ. ಮೂಳೆ ಪರೀಕ್ಷೆಯಿಂದ ಸಿಗುವುದು ಅಂದಾಜು ಮಾತ್ರ, ಹುಟ್ಟಿದ ತಾರೀಖು ಸಿಗುವುದಿಲ್ಲ.

ಯಾವ ಕೋರ್ಟು ಅನ್ನುವುದೇ ಅರ್ಧ ತೀರ್ಪು

ಶಿಕ್ಷೆ ತೀರ್ಮಾನವಾಗುವುದು ಕೊನೆಯ ದಿನ ಅಂತ ನಮಗೆ ಅನಿಸುತ್ತದೆ. ನಿಜ ಹೇಳಬೇಕೆಂದರೆ ಎಳೆಯರ ಕೇಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ತೀರ್ಮಾನ ಮೊದಲೇ ಆಗಿಹೋಗಿರುತ್ತದೆ. ಇದು ಮಕ್ಕಳ ಕಾನೂನಿನ ಕೆಳಗೆ ನಡೆಯಬೇಕೋ, ದೊಡ್ಡವರ ಕಾನೂನಿನ ಕೆಳಗೋ ಎಂದು ನಿರ್ಧರಿಸುವ ದಿನವೇ ಆ ದಿನ.

ಭಾರತದ ಕತೆ ತೆಗೆದುಕೊಳ್ಳಿ. 2000ದ ಬಾಲ ನ್ಯಾಯ ಕಾಯ್ದೆಯಲ್ಲಿ ಹದಿನೆಂಟರೊಳಗಿನ ಎಲ್ಲರೂ ಒಂದೇ. ಕೊಲೆಯಾದರೂ ಗರಿಷ್ಠ ಮೂರು ವರ್ಷ, ಅದೂ ಮಕ್ಕಳ ಸುಧಾರಣೆಗೆಂದು ಇರುವ ವಿಶೇಷ ಗೃಹದಲ್ಲಿ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರ, ಕೊಲೆಯಲ್ಲಿ ಒಬ್ಬ ಆರೋಪಿಗೆ ಹದಿನೇಳು. ಅವನಿಗೂ ಸಿಕ್ಕಿದ್ದು ಮೂರೇ ವರ್ಷ. ಅವನು 2015ರ ಡಿಸೆಂಬರ್‌ನಲ್ಲಿ ಹೊರಗೆ ಬಂದ. ಅದೇ ವಾರ ರಾಜ್ಯಸಭೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2016ರ ಜನವರಿಯಿಂದ ಹೊಸ ಕಾಯ್ದೆ ಜಾರಿಗೆ ಬಂತು.

ಈಗಿನ ವ್ಯವಸ್ಥೆ ಹೀಗಿದೆ. ಹದಿನಾರು ತುಂಬಿ ಹದಿನೆಂಟು ತುಂಬದ ಹುಡುಗ ಘೋರ ಅಪರಾಧ ಮಾಡಿದ ಆರೋಪ ಬಂದರೆ ಬಾಲ ನ್ಯಾಯ ಮಂಡಳಿ ಒಂದು ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ. ಈ ಕೆಲಸ ಮೂರು ತಿಂಗಳಲ್ಲಿ ಮುಗಿಯಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಅವರು ನೋಡುವುದು ಮುಖ್ಯವಾಗಿ ಇಷ್ಟು: ಈ ಕೃತ್ಯ ಮಾಡುವ ದೈಹಿಕ ಮತ್ತು ಮಾನಸಿಕ ಶಕ್ತಿ ಅವನಿಗಿತ್ತೇ, ಪರಿಣಾಮ ಏನಾಗುತ್ತದೆ ಅಂತ ಅರ್ಥವಾಗಿತ್ತೇ, ಯಾವ ಸಂದರ್ಭದಲ್ಲಿ ಇದು ನಡೆಯಿತು. ದೊಡ್ಡವನಂತೆ ವಿಚಾರಣೆ ಮಾಡಬೇಕು ಅನಿಸಿದರೆ ಕೇಸು ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿಯೂ ಮತ್ತೊಮ್ಮೆ ಪರಿಶೀಲಿಸುತ್ತಾರೆ. ಮಕ್ಕಳಂತೆ ನೋಡೋಣ ಎಂದರೆ ಮೂರು ವರ್ಷದ ಮಿತಿ. ದೊಡ್ಡವನಂತೆ ಎಂದರೆ ಜೀವಾವಧಿಯವರೆಗೂ ಹೋಗಬಹುದು. ಗಲ್ಲು ಮಾತ್ರ ಇಲ್ಲ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಇಲ್ಲ.

ನನಗೆ ಇಡೀ ವ್ಯವಸ್ಥೆಯಲ್ಲಿ ತೀರಾ ಸಡಿಲ ಅನಿಸುವ ಕೊಂಡಿ ಈ ಮೌಲ್ಯಮಾಪನವೇ. ಕೃತ್ಯ ನಡೆದು ವಾರಗಳೋ ತಿಂಗಳುಗಳೋ ಆದ ಮೇಲೆ ಒಬ್ಬ ಹುಡುಗನನ್ನು ಎದುರಿಗೆ ಕೂರಿಸಿಕೊಂಡು, ಆ ದಿನ ಆ ಗಳಿಗೆಯಲ್ಲಿ ಅವನ ತಲೆಯೊಳಗೆ ಏನಿತ್ತು ಅಂತ ಕಂಡುಹಿಡಿಯಬೇಕು. ಅವನು ಅಪರಾಧ ಮಾಡಿದ್ದಾನೆ ಅಂತ ಇನ್ನೂ ಸಾಬೀತೇ ಆಗಿಲ್ಲ. ಆದರೂ ಅದನ್ನು ಮಾಡುವ ಶಕ್ತಿ ಇತ್ತೇ ಅಂತ ಕೇಳಬೇಕು. 2022ರಲ್ಲಿ ಸುಪ್ರೀಂ ಕೋರ್ಟ್ ಇದು ಎಷ್ಟು ಸೂಕ್ಷ್ಮದ ಕೆಲಸ ಎಂದು ವಿವರವಾಗಿ ಹೇಳಿತು. ಹೊಡೆದರೆ ಸಾಯುತ್ತಾರೆ ಅಂತ ಗೊತ್ತಿದ್ದ ಮಾತ್ರಕ್ಕೆ ಪರಿಣಾಮ ಅರ್ಥವಾಗಿತ್ತು ಎನ್ನುವ ಹಾಗಿಲ್ಲ. ಸತ್ತವರ ಮನೆಗೆ ಏನಾಗುತ್ತದೆ, ತನ್ನ ಮನೆಗೆ ಏನಾಗುತ್ತದೆ, ತನ್ನ ಮುಂದಿನ ಬದುಕು ಏನಾಗುತ್ತದೆ ಅನ್ನುವುದೂ ಪರಿಣಾಮದಲ್ಲಿ ಸೇರುತ್ತದೆ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದೂ ಕೋರ್ಟ್ ಹೇಳಿತು.

ಇನ್ನೊಂದು ತಿರುವು ಇದೆ. ಜನರಿಗೆ ಗೊತ್ತಿರುವುದು ಕಡಿಮೆ. ಘೋರ ಅಪರಾಧ ಎಂದರೆ ಕನಿಷ್ಠ ಏಳು ವರ್ಷ ಶಿಕ್ಷೆ ಇರುವ ಅಪರಾಧ ಎನ್ನುತ್ತದೆ ಕಾಯ್ದೆ. ಕೊಲೆ ಅದರಲ್ಲಿ ಬರುತ್ತದೆ. ಆದರೆ ‘ಕೊಲೆಯಲ್ಲದ ನರಹತ್ಯೆ’ ಎಂಬ ಅಪರಾಧಕ್ಕೆ ಗರಿಷ್ಠ ಶಿಕ್ಷೆ ಜಾಸ್ತಿ ಇದ್ದರೂ ಏಳು ವರ್ಷದ ಕನಿಷ್ಠ ಮಿತಿ ಇಲ್ಲ. ಹಾಗಾದರೆ ಅದು ಘೋರವೇ? ಅಲ್ಲ ಎಂದಿತು ಸುಪ್ರೀಂ ಕೋರ್ಟ್, 2020ರ ಜನವರಿಯಲ್ಲಿ. ಅರ್ಥ ಇಷ್ಟೇ. ಹದಿನೇಳರ ಹುಡುಗನ ಕೈಯಿಂದ ಒಬ್ಬರು ಸತ್ತಾಗ ಪೊಲೀಸರು ಯಾವ ಕಲಂ ಹಾಕುತ್ತಾರೆ ಅನ್ನುವುದರ ಮೇಲೆ ಮೂರು ವರ್ಷವೋ ಜೀವಾವಧಿಯೋ ನಿಂತಿರುತ್ತದೆ.

ಕಡಿಮೆ ಯಾಕೆ?

‘ಹದಿನೇಳಕ್ಕೆ ಕೊಲೆ ತಪ್ಪು ಅಂತ ಗೊತ್ತಿರಲ್ವಾ?’ ಎಂದು ಕೇಳುವವರು ಬಹಳ ಜನ. ಗೊತ್ತಿರುತ್ತದೆ. ಅದನ್ನು ಯಾವ ಕೋರ್ಟೂ ಅಲ್ಲಗಳೆದಿಲ್ಲ. 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹದಿನೆಂಟರೊಳಗೆ ಮಾಡಿದ ಅಪರಾಧಕ್ಕೆ ಮರಣದಂಡನೆ ಸಲ್ಲದು ಎಂದಾಗ ಕೊಟ್ಟ ಕಾರಣ ಬೇರೆ. ಎಳೆಯರು ದುಡುಕುತ್ತಾರೆ. ಜೊತೆಗಾರರ ಒತ್ತಡಕ್ಕೆ ಬೇಗ ಬಗ್ಗುತ್ತಾರೆ, ಕೆಟ್ಟ ಮನೆ, ಕೆಟ್ಟ ಸಹವಾಸದಿಂದ ತಪ್ಪಿಸಿಕೊಂಡು ಹೋಗುವ ಶಕ್ತಿ ಅವರಿಗಿರುವುದಿಲ್ಲ. ಮೂರನೆಯದು, ಅವರ ಸ್ವಭಾವ ಇನ್ನೂ ಗಟ್ಟಿಯಾಗಿರುವುದಿಲ್ಲ. ಐದು ನ್ಯಾಯಮೂರ್ತಿಗಳು ಹೌದು ಎಂದರು, ನಾಲ್ವರು ಇಲ್ಲ ಎಂದರು.

ಜೊತೆಗಾರರ ಮಾತು ಸುಮ್ನೆ ಹೇಳಿದ್ದಲ್ಲ. ಅದೇ 2005ರಲ್ಲಿ ಮನಶ್ಶಾಸ್ತ್ರಜ್ಞರಾದ ಮಾರ್ಗೊ ಗಾರ್ಡನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಸಿಗ್ನಲ್ ಹಳದಿಯಾದ ಮೇಲೆ ಎಷ್ಟು ದೂರ ಹೋಗಲು ಧೈರ್ಯ ಮಾಡುತ್ತಾರೆ ಅನ್ನುವುದು ಲೆಕ್ಕ. ಗೆಳೆಯರು ಪಕ್ಕದಲ್ಲಿ ಕೂತು ನೋಡುತ್ತಿದ್ದರೆ ಹದಿಹರೆಯದವರು ಒಂಟಿಯಾಗಿದ್ದಾಗಿನದಕ್ಕಿಂತ ಬಹಳ ಜಾಸ್ತಿ ಅಪಾಯ ಮೈಮೇಲೆ ಎಳೆದುಕೊಂಡರು. ದೊಡ್ಡವರ ಮೇಲೆ ಪಕ್ಕದವರ ಪ್ರಭಾವ ಕಾಣಲಿಲ್ಲ. ಮುಂದಿನದನ್ನು ಯೋಚಿಸಿ ಕೈ ತಡೆಯುವ ಮೆದುಳಿನ ಮುಂಭಾಗ ಇಪ್ಪತ್ತರ ನಂತರವೂ ಬೆಳೆಯುತ್ತಿರುತ್ತದೆ. ಎಳೆಯರ ಕೊಲೆ ಕೇಸುಗಳಲ್ಲಿ ಗುಂಪು ಎಷ್ಟು ಸಲ ಇರುತ್ತದೆ ಅಂತ ಯೋಚಿಸಿದರೆ ಈ ಆಟದ ಅರ್ಥ ಗೊತ್ತಾಗುತ್ತದೆ. ಹೊಡೆದವನು ಒಬ್ಬ, ಹಿಡಿದುಕೊಂಡವನು ಒಬ್ಬ, ಪಕ್ಕದಲ್ಲಿ ನಿಂತವನು ಒಬ್ಬ. ಕಾನೂನು ಬಹಳ ಕಡೆ ಮೂವರನ್ನೂ ಕೊಲೆಗೆ ಹೊಣೆ ಮಾಡುತ್ತದೆ. ಯಾರ ಪಾಲು ಎಷ್ಟು ಎಂದು ಬಿಡಿಸಿ ನೋಡಲು ಆಮೇಲೆ ಉಳಿಯುವ ಜಾಗ ಶಿಕ್ಷೆಯ ಹಂತ ಒಂದೇ.

ಇಷ್ಟೆಲ್ಲ ಇದ್ದ ಮೇಲೆ ವಯಸ್ಸು ಎಲ್ಲವನ್ನೂ ಮಾಫಿ ಮಾಡುತ್ತದೆಯೇ? ಇಲ್ಲ. ವಿಡಿಯೋ ಅಂಗಡಿಯ ಹುಡುಗನ ಕೇಸಿನ ಜೊತೆಗೇ ತೀರ್ಮಾನವಾದ ಇನ್ನೊಂದು ಕೇಸು ಇತ್ತು, ಅಲಬಾಮಾದ್ದು. ಅಲ್ಲಿಯೂ ಹುಡುಗನಿಗೆ ಹದಿನಾಲ್ಕೇ. ಅವನೂ ಒಬ್ಬ ಗೆಳೆಯನೂ ಸೇರಿ ನೆರೆಯವನನ್ನು ಬ್ಯಾಟಿನಿಂದ ಹೊಡೆದು, ಅವನಿದ್ದ ಮನೆಗೆ ಬೆಂಕಿ ಹಚ್ಚಿ ಕೊಂದಿದ್ದರು. ಇವನ ಕತೆಯ ಇನ್ನೊಂದು ಬದಿಯೂ ದಾಖಲಾಗಿದೆ. ಮಲತಂದೆಯ ಹೊಡೆತ, ಕುಡಿತದಲ್ಲಿ ಮುಳುಗಿದ ತಾಯಿ, ಮನೆಯಿಂದ ಮನೆಗೆ ಅಲೆದಾಟ. ನಾಲ್ಕು ಸಲ ಆತ್ಮಹತ್ಯೆಗೆ ಯತ್ನಿಸಿದ್ದ, ಮೊದಲ ಸಲ ಶಿಶುವಿಹಾರಕ್ಕೆ ಹೋಗುವ ವಯಸ್ಸಿನಲ್ಲಿ.

2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎರಡೂ ಕೇಸು ಸೇರಿಸಿ ತೀರ್ಪು ಕೊಟ್ಟಿತು. ಎಳೆಯರಿಗೆ ಪೆರೋಲ್ ಇಲ್ಲದ ಜೀವಾವಧಿಯನ್ನು ಕಣ್ಣು ಮುಚ್ಚಿ, ಕಾನೂನು ಹೇಳಿದೆ ಎಂಬ ಒಂದೇ ಕಾರಣಕ್ಕೆ ಕೊಡುವಂತಿಲ್ಲ. ವಯಸ್ಸು, ಬೆಳೆದ ಮನೆ, ಕೃತ್ಯದಲ್ಲಿ ಅವನ ಪಾತ್ರ, ಗೆಳೆಯರ ಒತ್ತಡ, ಪೊಲೀಸರೆದುರು ತನ್ನನ್ನು ತಾನು ಉಳಿಸಿಕೊಳ್ಳಲು ಬಾರದ ಎಳೆತನ, ಸರಿಹೋಗುವ ಸಾಧ್ಯತೆ ಎಲ್ಲವನ್ನೂ ನ್ಯಾಯಾಧೀಶರು ನೋಡಬೇಕು. ಆದರೆ ಆ ಶಿಕ್ಷೆಯನ್ನೇ ತೆಗೆದುಹಾಕಲಿಲ್ಲ. ಅಲಬಾಮಾದ ಹುಡುಗನಿಗೆ 2021ರಲ್ಲಿ ಎಲ್ಲವನ್ನೂ ನೋಡಿಯೇ ಮತ್ತೆ ಅದೇ ಶಿಕ್ಷೆ ಬಂತು. ಮಕ್ಕಳ ಹಕ್ಕುಗಳ ಬಗ್ಗೆ 1989ರಲ್ಲಿ ವಿಶ್ವಸಂಸ್ಥೆ ಮಾಡಿದ ಒಪ್ಪಂದ ಇಂಥ ಶಿಕ್ಷೆಯನ್ನು ಪೂರ್ತಿ ನಿಷೇಧಿಸುತ್ತದೆ. ವಿಶ್ವಸಂಸ್ಥೆಯ ಸದಸ್ಯರಲ್ಲಿ ಅದನ್ನು ಅಂಗೀಕರಿಸದೆ ಉಳಿದಿರುವ ದೇಶ ಅಮೆರಿಕ ಒಂದೇ.

ಅಂಕಿಗಳು

ಬೇರೆ ದೇಶಗಳ ಅಂಕಿ ಅಕ್ಕಪಕ್ಕ ಇಟ್ಟರೆ ಬೆರಗಾಗುತ್ತದೆ. ಕೆನಡಾದಲ್ಲಿ ಯುವಜನರ ಕಾನೂನಿನ ಕೆಳಗೆ ಮೊದಲ ದರ್ಜೆಯ (ಮುಖ್ಯವಾಗಿ ಮೊದಲೇ ಯೋಜಿಸಿ ಮಾಡಿದ) ಕೊಲೆಗೆ ಗರಿಷ್ಠ 10 ವರ್ಷ. ಅದರಲ್ಲಿ ಬಂಧನ ಹೆಚ್ಚೆಂದರೆ 6 ವರ್ಷ, ಉಳಿದದ್ದು ಹೊರಗೆ ನಿಗಾದಲ್ಲಿ. ದೊಡ್ಡವರ ಶಿಕ್ಷೆ ಬೇಕು ಎಂದರೆ ಯಾಕೆ ಬೇಕು ಅಂತ ಸರ್ಕಾರಿ ವಕೀಲರೇ ಕೋರ್ಟಿಗೆ ಒಪ್ಪಿಸಬೇಕು. ಎಳೆಯರ ಹೊಣೆ ದೊಡ್ಡವರದ್ದಕ್ಕಿಂತ ಕಡಿಮೆ ಎಂದೇ ಹಿಡಿದು ಶುರು ಮಾಡಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಜರ್ಮನಿಯಲ್ಲಿ 14ರಿಂದ 17ರವರಿಗೆ ಗರಿಷ್ಠ 10 ವರ್ಷ. ಅಲ್ಲಿ ಇನ್ನೊಂದು ವಿಶೇಷ ಇದೆ. 18ರಿಂದ 20ರವರೂ ಮನಸ್ಸಿನಲ್ಲಿ ಇನ್ನೂ ಹುಡುಗರಂತಿದ್ದರೆ ಅವರಿಗೂ ಯುವಜನರ ಕಾನೂನೇ ಅನ್ವಯಿಸಬಹುದು. ಹದಿನೆಂಟನೇ ಹುಟ್ಟುಹಬ್ಬದ ರಾತ್ರಿ ಯಾರೂ ದಿಢೀರಂತ ದೊಡ್ಡವರಾಗಿಬಿಡುವುದಿಲ್ಲ. ಇದನ್ನು ಒಪ್ಪಿಕೊಂಡ ಕಾನೂನು ನನಗೆ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ.

ಇಂಗ್ಲೆಂಡ್ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಎಳೆಯರ ಕೊಲೆಗೆ ಕೊನೆಯ ದಿನಾಂಕ ಇಲ್ಲದ ಬಂಧನ. ನ್ಯಾಯಾಧೀಶರು ಕನಿಷ್ಠ ಅವಧಿ ಹೇಳುತ್ತಾರೆ. ಅದು ಮುಗಿದ ಮೇಲೆ ಪೆರೋಲ್ ಮಂಡಳಿ ಒಪ್ಪಿದರೆ ಬಿಡುಗಡೆ. ಮೊದಲು ಎಲ್ಲ ಎಳೆಯರಿಗೂ ಲೆಕ್ಕ 12 ವರ್ಷದಿಂದ ಶುರುವಾಗುತ್ತಿತ್ತು. 2022ರಲ್ಲಿ ಅದನ್ನು ಬದಲಿಸಿ ವಯಸ್ಸು ಮತ್ತು ಕೃತ್ಯದ ತೀವ್ರತೆ ಸೇರಿಸಿ ಪಟ್ಟಿ ಮಾಡಿದರು. ಹದಿನಾಲ್ಕು ಅಥವಾ ಅದಕ್ಕಿಂತ ಚಿಕ್ಕವರ ಸಾಮಾನ್ಯ ಕೊಲೆ ಪ್ರಕರಣ 8 ವರ್ಷದಿಂದ ಶುರು. ಹದಿನೇಳರವನು ತೀರಾ ಗಂಭೀರ ಬಗೆಯ ಕೊಲೆ ಮಾಡಿದ್ದರೆ 27ರಿಂದ. ಅಲ್ಲಿಂದ ನ್ಯಾಯಾಧೀಶರು ಮೇಲೆ ಕೆಳಗೆ ಮಾಡುತ್ತಾರೆ. ಮೊದಲೇ ಸಂಚು ಮಾಡಿದ್ದರೆ, ನರಳಿಸಿ ಕೊಂದಿದ್ದರೆ, ಹೆಣ ಮುಚ್ಚಿಟ್ಟಿದ್ದರೆ ಏರುತ್ತದೆ. ಕೊಲ್ಲುವ ಉದ್ದೇಶ ಇಲ್ಲದೆ ಗಾಯ ಮಾಡಲು ಹೋಗಿದ್ದರೆ, ಕೆರಳಿಸಿದ್ದರೆ, ಮಾನಸಿಕ ತೊಂದರೆ ಇದ್ದರೆ ಇಳಿಯುತ್ತದೆ.

ಏರಿಸಿದ ಕಟಕಟೆ

ಇದೇ ಇಂಗ್ಲೆಂಡಿನಲ್ಲಿ 1993ರಲ್ಲಿ ಹತ್ತು ವರ್ಷದ ಇಬ್ಬರು ಹುಡುಗರು ಎರಡು ವರ್ಷದ ಮಗುವನ್ನು ಕರೆದೊಯ್ದು ಕೊಂದಿದ್ದರು. ದೇಶ ಕುದಿಯಿತು. ಆ ಸಿಟ್ಟು ಸಹಜವೇ. ಮೂರು ವಾರ ದೊಡ್ಡವರ ಕೋರ್ಟಿನಲ್ಲೇ ವಿಚಾರಣೆ ನಡೆಯಿತು. ಹುಡುಗರಿಗೆ ಕಾಣಲಿ ಅಂತ ಕಟಕಟೆಯನ್ನು ಎತ್ತರಿಸಿದ್ದರು. ಒಳ್ಳೆಯ ಉದ್ದೇಶದಿಂದಲೇ. ಆದರೆ ಅದರಿಂದ ಆಗಿದ್ದೇ ಬೇರೆ. ಕಿಕ್ಕಿರಿದ ಕೋರ್ಟಿನಲ್ಲಿ ಎಲ್ಲರ ಕಣ್ಣೂ ಅವರ ಮೇಲೇ. ಒಬ್ಬ ಹುಡುಗ ಏನೂ ಅರ್ಥವಾಗದೆ ಮನಸ್ಸಿನಲ್ಲೇ ಎಣಿಸುತ್ತಾ, ಬೂಟಿನಿಂದ ಆಕಾರಗಳನ್ನು ಮಾಡುತ್ತಾ ಕೂತಿದ್ದನಂತೆ.

ಕನಿಷ್ಠ ಅವಧಿಯನ್ನು ನ್ಯಾಯಾಧೀಶರು 8 ವರ್ಷ ಎಂದರು. ಮುಖ್ಯ ನ್ಯಾಯಮೂರ್ತಿ 10 ಮಾಡಿದರು. 2,78,000ಕ್ಕೂ ಜಾಸ್ತಿ ಜನ ಸಹಿ ಹಾಕಿ ಇವರನ್ನು ಬಿಡಲೇಬೇಡಿ ಎಂದರು. ಆಗಿನ ಗೃಹಮಂತ್ರಿ 15 ಮಾಡಿದರು. 1999ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಎರಡನ್ನೂ ತಪ್ಪು ಎಂದಿತು: ಆ ವಿಚಾರಣೆಯಲ್ಲಿ ಹುಡುಗರು ನಿಜವಾಗಿ ಪಾಲ್ಗೊಳ್ಳಲು ಆಗಲಿಲ್ಲ, ಶಿಕ್ಷೆಯ ಅವಧಿಯನ್ನು ರಾಜಕಾರಣಿ ಗೊತ್ತು ಮಾಡುವಂತಿಲ್ಲ. ಮುಂದಿನ ವರ್ಷ ಅಲ್ಲಿನ ಕೋರ್ಟುಗಳಿಗೆ ಹೊಸ ಸೂಚನೆ ಬಂತು. ಮಕ್ಕಳ ವಿಚಾರಣೆಯಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೂರಬೇಕು. ಮಗು ಮನೆಯವರ ಪಕ್ಕದಲ್ಲಿ ಇರಬಹುದು. ನ್ಯಾಯಾಧೀಶರು, ವಕೀಲರು ನಿಲುವಂಗಿ, ಬಿಳಿ ವಿಗ್ ತೆಗೆದಿಡಬೇಕು.

ಮಗುವನ್ನು ಕಳೆದುಕೊಂಡವರಿಗೆ ಇದೆಲ್ಲ ಹೇಗೆ ಕೇಳಿಸಿರಬೇಕು? ಕೊಂದವರ ಅನುಕೂಲಕ್ಕೆ ಕೋರ್ಟೇ ಬದಲಾಗುತ್ತಿದೆ ಅನಿಸಿದ್ದರೆ ಅದು ತಪ್ಪಲ್ಲ. ಅವರಿಗೆ ಒಂದು ಅಂಕಿ ಮಾತ್ರ ಕೇಳಿಸುತ್ತದೆ, ಎಂಟೋ ಹತ್ತೋ. ಆ ಅಂಕಿ ಎಲ್ಲಿಂದ ಬಂತು ಅಂತ ಯಾರೂ ಕೂರಿಸಿ ಹೇಳುವುದಿಲ್ಲ. ಶಿಕ್ಷೆ ಕಡಿಮೆ ಕೊಡುವ ಕೋರ್ಟು ಅವರಿಗೆ ಅರ್ಥವಾಗುವ ಮಾತಿನಲ್ಲಿ ಕಾರಣ ಬರೆಯಬೇಕು. ಇದು ಕೋರ್ಟಿನ ಸೌಜನ್ಯವಲ್ಲ, ಹೊಣೆ.

ಎರಡನೇ ಸಲ ನೋಡುವ ದಿನ

ನನ್ನ ಮಟ್ಟಿಗೆ ಶಿಕ್ಷೆ ಹೇಳುವ ದಿನಕ್ಕಿಂತ ದೊಡ್ಡ ದಿನ ಇನ್ನೊಂದಿದೆ. ಈ ಮಗು ಈಗ ಏನಾಗಿದೆ ಅಂತ ತಿರುಗಿ ನೋಡುವ ದಿನ. ಎಳೆಯರ ಸ್ವಭಾವ ಗಟ್ಟಿಯಾಗಿಲ್ಲ ಎಂದು ಶಿಕ್ಷೆ ಇಳಿಸಿದ ಮೇಲೆ ಅದು ಮುಂದೆ ಹೇಗೆ ಗಟ್ಟಿಯಾಯಿತು ಅಂತ ನೋಡಲೇಬೇಕಲ್ಲ? ಭಾರತದಲ್ಲಿ ದೊಡ್ಡವನಂತೆ ಶಿಕ್ಷೆಯಾದ ಹುಡುಗನೂ ಇಪ್ಪತ್ತೊಂದು ತುಂಬುವವರೆಗೆ ಜೈಲಿಗೆ ಹೋಗುವಂತಿಲ್ಲ. ಅಲ್ಲಿಯವರೆಗೆ ಅವನು ‘ಸುರಕ್ಷಿತ ಸ್ಥಳ’ದಲ್ಲಿ ಇರಬೇಕು. ಅಲ್ಲಿ ಓದು, ಕಸುಬು, ಆಪ್ತಸಮಾಲೋಚನೆ ಸಿಗಬೇಕು. ವರ್ಷಕ್ಕೊಮ್ಮೆ ವರದಿ ಬರಬೇಕು. ಇಪ್ಪತ್ತೊಂದಾದಾಗ ಅವಧಿ ಇನ್ನೂ ಬಾಕಿ ಇದ್ದರೆ ಮಕ್ಕಳ ನ್ಯಾಯಾಲಯ ಅವನನ್ನು ಮತ್ತೆ ನೋಡುತ್ತದೆ. ಬದಲಾಗಿದ್ದರೆ ನಿಗಾ ಇಟ್ಟು ಬಿಡಬಹುದು, ಇಲ್ಲದಿದ್ದರೆ ಉಳಿದ ಅವಧಿಗೆ ಜೈಲು. ಕಾಗದದ ಮೇಲೆ ಇದು ಒಳ್ಳೆಯ ವ್ಯವಸ್ಥೆ. ಆದರೆ ಆ ಮೂರೋ ನಾಲ್ಕೋ ವರ್ಷ ಅವನಿಗೆ ಕಲಿಸುವವರು ಬರದೇ ಇದ್ದರೆ, ಮಾತಾಡಿಸುವವರು ಇಲ್ಲದೇ ಹೋದರೆ, ಆ ದಿನ ಪರೀಕ್ಷೆ ಆಗುವುದು ಹುಡುಗನದೋ ವ್ಯವಸ್ಥೆಯದೋ?

ಅಮೆರಿಕದ ಲೂಸಿಯಾನಾದಲ್ಲಿ 1963ರಲ್ಲಿ ಹೆನ್ರಿ ಮಾಂಟ್ಗೊಮರಿ ಎಂಬ ಹದಿನೇಳರ ಹುಡುಗ ಒಬ್ಬ ಪೊಲೀಸ್ ಅಧಿಕಾರಿಯನ್ನು ಗುಂಡಿಟ್ಟು ಕೊಂದ. ಶಿಕ್ಷೆ, ಪೆರೋಲ್ ಇಲ್ಲದ ಜೀವಾವಧಿ. ಜೈಲಿನೊಳಗೆ ಕೈದಿಗಳ ಬಾಕ್ಸಿಂಗ್ ತಂಡ ಕಟ್ಟಲು ನೆರವಾದ, ತರಬೇತಿ ಕೊಟ್ಟ. ಬಟ್ಟೆಗೆ ಚಿತ್ರ ಅಚ್ಚು ಹಾಕುವ ವಿಭಾಗದಲ್ಲಿ ದುಡಿದ. 2012ರ ತೀರ್ಪು ಹಳೆಯ ಕೈದಿಗಳಿಗೂ ಅನ್ವಯ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ಕೇಸಿನಲ್ಲಿ. ಆಮೇಲೆ ಪೆರೋಲ್ ಮಂಡಳಿಯ ಮುಂದೆ ನಿಂತರು. 2018ರಲ್ಲಿ ಮಂಡಳಿ ಒಪ್ಪಲಿಲ್ಲ. ಸುಧಾರಣೆಯ ತರಗತಿಗಳಿಗೆ ಸಾಕಷ್ಟು ಹೋಗಿಲ್ಲ ಅನ್ನುವುದು ಒಂದು ಕಾರಣವಾಗಿತ್ತು. ಹೊರಗೇ ಹೋಗದ ಜೀವಾವಧಿ ಕೈದಿಗಳಿಗೆ ದಶಕಗಳ ಕಾಲ ಅಂಥ ತರಗತಿಯನ್ನೇ ಕೊಟ್ಟಿರಲಿಲ್ಲ ಎಂದರು ಅವರ ವಕೀಲರು. ಮರುವರ್ಷ ಮತ್ತೆ ಇಲ್ಲ ಎಂದಾಯಿತು. ಮೂರನೇ ಸಲ, 2021ರ ನವೆಂಬರ್‌ನಲ್ಲಿ ಮಂಡಳಿ ಒಪ್ಪಿತು. ಹದಿನೇಳಕ್ಕೆ ಒಳಗೆ ಹೋದವರು ಹೊರಗೆ ಬಂದಾಗ ಅವರಿಗೆ 75 ವರ್ಷ.